ಹನ್ನೊಂದು ಗಂಟೆಯ ಮೇಲ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಮೂವರು ಬಂದರು. ದೂರು ಕೊಡುವವನು ಕನ್ನಡಕದ ಅಂಗಡಿಯವನು. ಜೊತೆಗೆ ಅವನು ಮದುವೆಯಾಗಲಿರುವ ಹಲ್ಲಿನ ಡಾಕ್ಟರಮ್ಮ, ಅವಳ ಕೈ ಬಿಡದೆ ಹಿಡಿದುಕೊಂಡ ಅವಳ ಅಕ್ಕ. ತಂಗಿಯ ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುವವಳು ಈ ಅಕ್ಕನೇ.

"ದಿನಾ ಹನ್ನೊಂದಕ್ಕೆ ಸರಿಯಾಗಿ ಮೇಲ್ ಬರುತ್ತೆ ಸರ್," ಎಂದ ಕನ್ನಡಕದವನು. "ಆ ಹುಡುಗಿನ ಬಿಡು, ಇಲ್ದಿದ್ರೆ ಅಂಗಡಿಗೆ ಬೆಂಕಿ ಬೀಳುತ್ತೆ ಅಂತ. ನಮ್ಮಮ್ಮ ಹೆದರಿ ಮದುವೇನೇ ಬೇಡ ಅಂತಿದಾರೆ."

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದ.

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕನೇ ಬಾಯಿಬಿಟ್ಟಳು. "ನಮಗೆ ಹಲ್ಲಿನ ಸೆಟ್ ಮಾಡಿಕೊಡೋನು ಒಬ್ಬ ಇದಾನೆ ಸರ್. ಇವಳನ್ನ ಕೇಳಿ ಇಲ್ಲ ಅನ್ನಿಸ್ಕೊಂಡಿದ್ದ."

ಎಫ್‌ಐಆರ್ ಬರೆಯುತ್ತಿರುವಾಗಲೇ ಕನ್ನಡಕದವನ ಫೋನ್ ಟಿಣ್ ಎಂದಿತು. ಗಂಟೆ ಹನ್ನೊಂದು. ತಂಗಿ ಅಳತೊಡಗಿದಳು. ಅಕ್ಕ ನೀರಿನ ಲೋಟವನ್ನು ಅವಳ ಬಾಯಿಗೆ ಹಿಡಿದು, "ಅಳ್ಬೇಡ ಪುಟ್ಟಿ, ನಾನಿದ್ದೀನಲ್ಲ," ಎಂದಳು. ಕಣ್ಣೆದುರಿಗೇ ಕೂತವಳನ್ನು ಯಾರು ತಾನೇ ಅನುಮಾನಿಸುತ್ತಾರೆ?

ಸೆಟ್ ಮಾಡುವವನನ್ನು ಮಧ್ಯಾಹ್ನವೇ ಕರೆತಂದರು.

"ಹೊಟ್ಟೆ ಉರೀತಾ?"

"ಉರೀತು ಸರ್, ಸುಳ್ಳು ಹೇಳಲ್ಲ. ಎರಡು ದಿನ. ಆಮೇಲೆ ಊಟ ಸೇರ್ತು."

ಇನ್‌ಸ್ಪೆಕ್ಟರಿಗೆ ಅವನ ಮೇಲೆಯೇ ಹೊಟ್ಟೆಕಿಚ್ಚಾಯಿತು. ತನ್ನ ಜೊತೆಗೇ ಕೆಲಸಕ್ಕೆ ಸೇರಿದವನಿಗೆ ಕಳೆದ ವಾರ ಬಡ್ತಿ ಸಿಕ್ಕಿತ್ತು. ಆವತ್ತಿನಿಂದ ಇವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಭಿನಂದನೆ ಹೇಳುವ ನಾಲ್ಕು ಮಾತೂ ಬಾಯಿಗೆ ಬಂದಿರಲಿಲ್ಲ. ಉರಿದೆ ಎಂದು ಒಪ್ಪಿಕೊಳ್ಳುವವನು ಕದ್ದು ಬೆಂಕಿ ಇಡುವುದಿಲ್ಲ, ಒಪ್ಪಿಕೊಳ್ಳಲಾರದವನನ್ನು ಹುಡುಕಬೇಕು ಎಂದುಕೊಂಡ.

ಮೇಲ್ ಕಂಪನಿಯಿಂದ ಉತ್ತರ ಬರಲು ವಾರಗಳೇ ಬೇಕಿತ್ತು. ಅಷ್ಟರಲ್ಲಿ ದಫೇದಾರಮ್ಮ ಮೇಲ್‌ಗಳ ಪ್ರಿಂಟನ್ನು ಮೇಜಿನ ಮೇಲೆ ಹರಡಿದಳು.

"ಹೋದ ಗುರುವಾರ ಒಂದೂ ಮೇಲ್ ಬಂದಿಲ್ಲ ಸರ್. ಶುಕ್ರವಾರ ಎರಡು ಬಂದಿವೆ. ಒಂದು ಒಂಬತ್ತಕ್ಕೆ, ಇನ್ನೊಂದು ಮಾಮೂಲಿ ಹನ್ನೊಂದಕ್ಕೆ."

"ಅಂದ್ರೆ?"

"ಮೊದಲೇ ಬರೆದು, ಇಷ್ಟು ಹೊತ್ತಿಗೆ ಹೋಗು ಅಂತ ಕಂಪ್ಯೂಟರಿಗೆ ಹೇಳಿಟ್ಟಿದಾರೆ. ಕೆಲವು ಪ್ರೋಗ್ರಾಮ್‌ಗಳಲ್ಲಿ ಮೇಲ್ ಆ ಕಂಪ್ಯೂಟರಿಂದಾನೇ ಹೋಗಬೇಕು. ಅದು ಮಲಗಿದ್ರೆ ಮೇಲೂ ಮಲಗುತ್ತೆ. ಮಾರನೇ ದಿನ ಹಾಕಿದ ತಕ್ಷಣ ಓಡುತ್ತೆ."

ವಿಚಾರಿಸಿದರೆ, ಗುರುವಾರ ಸೆಟ್ಟಿನವನ ಕಂಪ್ಯೂಟರ್ ದಿನವಿಡೀ ನಡೆದಿತ್ತು. ಇನ್‌ಸ್ಪೆಕ್ಟರ್ ತಂಗಿಗೆ ಫೋನ್ ಮಾಡಿದ.

"ಗುರುವಾರ ಕ್ಲಿನಿಕ್ ತೆರೆದಿತ್ತಾ?"

"ಇಲ್ಲ ಸರ್, ನೀರಿನ ಪೈಪ್ ಒಡೆದು ರಜ. ಶುಕ್ರವಾರ ಒಂಬತ್ತಕ್ಕೆ ಅಕ್ಕನೇ ಬಾಗಿಲು ತೆಗೆದ್ಲು."

"ಈ ಸೋಮವಾರ?"

"ಅವಳೇ ತೆಗೆದು, ಕಂಪ್ಯೂಟರ್ ಹಾಕಿ, ನಮ್ಮ ಜೊತೆ ಠಾಣೆಗೆ ಬಂದ್ಲು. ಯಾಕೆ ಸರ್?"

ಇನ್‌ಸ್ಪೆಕ್ಟರ್ ಫೋನಿಟ್ಟು, ಪಂಚರನ್ನು ಗೊತ್ತುಮಾಡಲು ಹೇಳಿದ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಇಬ್ಬರು ಪಂಚರ ಎದುರು, ಮುಂದಿನ ಮೇಜಿನ ಕಂಪ್ಯೂಟರಿನ ಪಂಚನಾಮೆ ಶುರುವಾಯಿತು. ನಾಳೆ ಬರಬೇಕಾದ ರೋಗಿಗಳಿಗೆ ನೆನಪೋಲೆ ತಾನಾಗಿ ಹೋಗುವಂತೆ ಅಕ್ಕ ಅಲ್ಲಿ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಳೆಂದರೆ ದಫೇದಾರಮ್ಮನೇ ತಲೆದೂಗಿದಳು. ಅದೇ ಪ್ರೋಗ್ರಾಮಿನಲ್ಲಿ ಇನ್ನೊಂದು ಖಾತೆಯಿತ್ತು. ಅದರಲ್ಲಿ ಕನ್ನಡಕದವನಿಗೆ ಹೋಗಬೇಕಾದ ಮೇಲ್‌ಗಳು ಮದುವೆಯ ಹಿಂದಿನ ದಿನದವರೆಗೂ ಸಾಲಾಗಿ ಕಾದಿದ್ದವು.

"ಇದು ನಿಮ್ದೇನಾ?"

ಅಕ್ಕ ಸುಳ್ಳು ಹೇಳಲಿಲ್ಲ. "ಚಿಕ್ಕಂದಿನಲ್ಲಿ ನನ್ನ ಹಳೇ ಬಟ್ಟೆಯೆಲ್ಲ ಇವಳಿಗೇ ಹೋಗ್ತಿತ್ತು ಸರ್. ನಾನು ಹಾಕ್ಕೊಂಡಾಗ ಯಾರೂ ಏನೂ ಅಂದಿಲ್ಲ. ಇವಳು ಹಾಕ್ಕೊಂಡ್ರೆ, ಅಯ್ಯೋ ಎಷ್ಟು ಚೆಂದ ಅನ್ನೋರು. ಓದು ಬಿಟ್ಟು ದುಡಿದು ಇವಳನ್ನ ಓದಿಸ್ದೆ. ಈ ಹುಡುಗನೂ ಮೊದಲು ನನ್ನನ್ನೇ ನೋಡೋಕೆ ಬಂದಿದ್ದು."

ತಂಗಿ ಬಾಗಿಲಲ್ಲೇ ನಿಂತಿದ್ದಳು. ದಫೇದಾರಮ್ಮ ದಸ್ತಗಿರಿಯ ಕಾರಣ ಓದಿ ಹೇಳಿ, ಅಕ್ಕನನ್ನು ಜೀಪಿನತ್ತ ಕರೆದೊಯ್ದಳು.

ಪಂಚನಾಮೆಗೆ ಸೇರಿಸಲು ಇನ್ನೊಂದೇ ಮೇಲ್ ಉಳಿದಿತ್ತು. ಅದು ಮದುವೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಕಾಗಿದ್ದದ್ದು, ಅದೂ ತಂಗಿಗೆ, ಅಕ್ಕನ ಸ್ವಂತ ಹೆಸರಿನಿಂದ. ಇನ್‌ಸ್ಪೆಕ್ಟರ್ ಪರದೆಯನ್ನು ತಂಗಿಯತ್ತ ತಿರುಗಿಸಿದ.

"ಮದುವೆ ನಿಂತರೆ ನಿಲ್ಲಲಿ. ಅಳ್ಬೇಡ ಪುಟ್ಟಿ, ನಾನಿದ್ದೀನಲ್ಲ."

ತಂಗಿ ಅದನ್ನು ಓದಿ, ಬರಿಗಾಲಲ್ಲೇ ಜೀಪಿನ ಹಿಂದೆ ಓಡಿದಳು.