ಒಲೆ ಹತ್ತಿಸದೆ ಹೊರಟವನು

“ಇಲ್ಲಿ ಮೀಟರ್ ಇಡೋಕಾಗಲ್ಲ ಮೇಡಂ.”

ಗ್ಯಾಸ್ ಕಂಪನಿಯ ನೀಲಿ ಅಂಗಿಯವನು ಅಡುಗೆಮನೆಯ ಗೋಡೆ ನೋಡಿ ತಮಿಳಿನಲ್ಲಿ ಆಡಿದ ಮೊದಲ ಮಾತೇ ಅದು. ಒಂದು ನಮಸ್ಕಾರವಿಲ್ಲ, ಒಂದು ನಗುವಿಲ್ಲ!

ತೇನ್‌ಮೊಳಿಗೆ ಮೈಯೆಲ್ಲ ಉರಿಯಿತು. ದಿಂಡುಕ್ಕಲ್‌ನ ಆ ಹಳೆಯ ಮನೆಯ ಅಡುಗೆಮನೆ ಒಡೆದು ಹದಿನೆಂಟು ದಿನವಾಗಿತ್ತು. ಒಲೆಯನ್ನು ಎದುರು ಗೋಡೆಗೆ ಸರಿಸಬೇಕು, ಅದರ ಜೊತೆ ಗ್ಯಾಸ್ ಮೀಟರನ್ನೂ ಸರಿಸಬೇಕು. ಅದಕ್ಕೆ ಅರ್ಜಿ ಹಾಕಿ, ಕಸ್ಟಮರ್ ಕೇರ್‌ನ ಸಂಗೀತ ಬಾಯಿಪಾಠವಾಗುವಷ್ಟು ಸಲ ಫೋನ್ ಮಾಡಿ ಕಾದಿದ್ದಳು. ಕೊನೆಗೂ ಬಂದ ಮಹಾರಾಯ ಹೀಗೆನ್ನುತ್ತಾನೆ!

ಅವನ ಕೊರಳ ಕಾರ್ಡಿನಲ್ಲಿ ವಿಘ್ನೇಶ್ವರನ್ ಎಂದಿತ್ತು. ಮರದ ಕಪಾಟಿನೊಳಗೆ ಮೀಟರ್ ಮುಚ್ಚಿಡುವಂತಿಲ್ಲ, ಗಾಳಿಯಾಡಬೇಕು, ಸ್ವಿಚ್‌ಬೋರ್ಡ್ ಇಷ್ಟು ಹತ್ತಿರ ಇರಲೇಬಾರದು ಎಂದು ಟೇಪು ಹಿಡಿದು ತೋರಿಸಿದ.

ತೇನ್‌ಮೊಳಿ ಅಜ್ಜಿಯ ಕಡೆ ತಿರುಗಿದಳು. ತಂದೆತಾಯಿಯಿಲ್ಲದ ಅವಳನ್ನು ಸಾಕಿದ ಸರಸುವನ್ನು ಅವಳು ಕರೆಯುವುದು ಅವ್ವ ಎಂದೇ.

“ನೋಡವ್ವ ಇವ್ನ ಮೊಕ. ಹುಳಿ ಮಾವಿನಕಾಯಿ ಕಚ್ಚಿದಂಗೆ ಇಟ್ಕೊಂಡವ್ನೆ.”

ಹೇಳಿದ್ದು ಮನೆಯ ಕನ್ನಡದಲ್ಲಿ. ಎಷ್ಟೋ ತಲೆಮಾರುಗಳಿಂದ ತಮಿಳು ಸೀಮೆಯಲ್ಲಿ ಬೇರುಬಿಟ್ಟ ಮನೆತನ ಅವರದು. ಬೀದಿಗೆಲ್ಲ ತಮಿಳು, ಒಲೆಯ ಮುಂದೆ ಕನ್ನಡ. ಹೊರಗಿನವರ ಮುಂದೆ ಅವರನ್ನೇ ಬೈಯಲು ಅಜ್ಜಿ ಮೊಮ್ಮಗಳಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿರಲಿಲ್ಲ.

ಅವನು ತಲೆಯೆತ್ತಲಿಲ್ಲ. ನಮೂನೆಯಲ್ಲಿ ಏನೋ ಗೀಚಿ ಹೊರಟುಹೋದ.

ಬಡಗಿಯನ್ನು ಕಾಡಿ ಬೇಡಿ ಕಪಾಟು ಕೀಳಿಸಿದ್ದಾಯಿತು. ಮುಂದಿನ ಗುರುವಾರ ಅವನು ಮತ್ತೆ ಬಂದ, ಮತ್ತೆ ಟೇಪು ಹಿಡಿದ, ಮತ್ತೆ ತಲೆಯಾಡಿಸಿದ. ಮೇಸ್ತ್ರಿ ಕಂದಸಾಮಿ ಸ್ವಿಚ್‌ಬೋರ್ಡನ್ನು ಗೇಣಷ್ಟೂ ಸರಿಸಿರಲಿಲ್ಲ! ಸರಿಸಿದ್ದೇನೆಂದು ಆಣೆಯಿಟ್ಟವನು ಈಗ ಸಿಮೆಂಟು ತರುವ ನೆಪದಲ್ಲಿ ಕಾಣೆಯಾಗಿದ್ದ.

ತೇನ್‌ಮೊಳಿಗೆ ಅಳುವೇ ಬಂತು. ಮುಂದಿನ ಕೋಣೆಯಲ್ಲಿ ಚಿನ್ನಾಳಪಟ್ಟಿಯಿಂದ ಬಂದ ಸೀರೆಯ ಕಟ್ಟುಗಳ ಮೇಲೆ ಧೂಳು ಕೂತಿತ್ತು. ಅವನ್ನು ಊರೂರಿಗೆ ಕಳಿಸುವುದೇ ಅವಳ ವ್ಯಾಪಾರ. ಅವ್ವನೋ, ಮೆಸ್ಸಿನ ಸಾಂಬಾರು ನೋಡಿದರೇ ಮುಖ ತಿರುಗಿಸುತ್ತಿದ್ದಳು. ಎಪ್ಪತ್ತೆಂಟರ ಅವಳ ಕೈಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು.

ಆ ಸಂಜೆಯೇ ಆ್ಯಪಿನಲ್ಲಿ ದೂರು ಬರೆದಳು. ‘ನಿಮ್ಮ ಟೆಕ್ನಿಷಿಯನ್ನಿಗೆ ಕೆಲಸ ಮಾಡುವ ಮನಸ್ಸೇ ಇಲ್ಲ.’

ಮೂರನೇ ಭೇಟಿಗೆ ಅವನು ಒಂದು ತಾಸು ಮುಂಚೆಯೇ ಬಂದ. ಕಂದಸಾಮಿಯನ್ನು ಎದುರು ನಿಲ್ಲಿಸಿಕೊಂಡು, ಬೋರ್ಡು ಎಲ್ಲಿಗೆ ಹೋಗಬೇಕೆಂದು ತಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಬೋರ್ಡು ಸರಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಹಳೆಯ ಪೈಪು ಬಿಚ್ಚುವಾಗ ಮೇಲಿನಿಂದ ಗಾರೆಯ ಹೆಂಟೆಯೊಂದು ಕಳಚಿತು. ಕೆಳಗೆ ಡಬ್ಬಿ ಎತ್ತಿಡುತ್ತಿದ್ದ ತೇನ್‌ಮೊಳಿಯ ತಲೆಗೆ ಬೀಳಬೇಕು... ಅವನು ಅಡ್ಡ ಕೈ ಕೊಟ್ಟ.

ಮುಂಗೈ ತರಚಿ ರಕ್ತ ಬಂತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡ.

ತೇನ್‌ಮೊಳಿ ಅವನ ಕೈಯನ್ನೇ ನೋಡಿದಳು. ‘ಛೆ, ಇವನ ಮೇಲೆ ದೂರು ಬೇರೆ ಬರೆದೆನಲ್ಲಾ...’

ಅರಿಶಿನದ ಡಬ್ಬಿ ಹುಡುಕಿ ತಂದು ಅವನ ಮುಂದಿಟ್ಟಳು. ಹಚ್ಚಲು ಧೈರ್ಯ ಬರಲಿಲ್ಲ. ಅವನೇ ಹಚ್ಚಿಕೊಂಡ.

ಅಷ್ಟರಲ್ಲಿ ಮೂಲೆಯ ಸ್ಟೂಲಿನಿಂದ ಅವ್ವ ನಿಟ್ಟುಸಿರಿಟ್ಟಳು. ಅವರ ಮನೆಯಲ್ಲೊಂದು ಕಟ್ಟಳೆಯಿತ್ತು. ಒಲೆ ಜಾಗ ಬದಲಿಸಿದರೆ ಮೊದಲ ಬೆಂಕಿಯನ್ನು ಮನೆಯ ಹುಡುಗಿಯ ಸೋದರಮಾವ ಹತ್ತಿಸಬೇಕು. ಗ್ಯಾಸ್ ಪೈಪು ಬಂದ ಹೊಸದರಲ್ಲೂ ಕಂಪನಿಯವರನ್ನು ಪಕ್ಕಕ್ಕೆ ನಿಲ್ಲಿಸಿ ಮಾವ ಧನಪಾಲನೇ ಹತ್ತಿಸಿದ್ದ. ಅವನು ತೀರಿಹೋಗಿ ವರ್ಷವಾಗಿತ್ತು.

“ಮಾವ ಇಲ್ದಿದ್ರೆ ಈ ಕೂಸಿನ ಕೈ ಹಿಡಿಯೋನೇ ಹತ್ತಿಸ್ಬೇಕು,” ಎಂದಳು ಅವ್ವ. “ಅವ್ನು ಎಲ್ಲವ್ನೋ, ಎಂದು ಬತ್ತಾನೋ.”

ಒಂದು ತಿಂಗಳ ಸಿಮೆಂಟು ಧೂಳು ಕುಡಿದ ತೇನ್‌ಮೊಳಿಗೆ ಈ ಹೊತ್ತಿನಲ್ಲಿ ಮದುವೆಯ ಮಾತು ಬೇರೆ! ಅವಳು ಕನ್ನಡದಲ್ಲೇ ಸಿಡುಕಿದಳು.

“ಹಂಗಾದ್ರೆ ಈ ಮೀಟರ್‌ಕಾರನೇ ಹತ್ತಿಸ್ಲಿ ಬುಡವ್ವ. ವಾರವಾರ ನನ್ನ ನೋಡಕ್ಕೆ ಬರೋ ಗಂಡು ಇವ್ನೊಬ್ನೇ.”

ಠಣ್! ಸ್ಪ್ಯಾನರ್ ಅವನ ಕೈಜಾರಿ ನೆಲಕ್ಕೆ ಬಿತ್ತು. ಗಾಯದ ಕೈ, ನೋವಾಗಿರಬೇಕು ಎಂದುಕೊಂಡಳು ಪೆದ್ದು ಹುಡುಗಿ.

ನಾಲ್ಕನೆಯ ಸಲ ಅವನು ಬಂದಾಗ ಎಲ್ಲವೂ ಸರಿಯಿತ್ತು. ಕಿಟಕಿ ಪಕ್ಕದ ಗೋಡೆಗೆ ಮೀಟರ್ ಕೂತಿತು. ಸೋಪಿನ ನೊರೆ ಹಚ್ಚಿ ಒಂದೊಂದು ಕೀಲನ್ನೂ ನೋಡಿದ, ಎಲ್ಲೂ ಗುಳ್ಳೆ ಏಳಲಿಲ್ಲ. ಸೀಲು ಬಿತ್ತು. ಇನ್ನು ಒಲೆ ಹತ್ತಿಸಿ ಉರಿ ತೋರಿಸಿ ಸಹಿ ಪಡೆದರೆ ಮುಗಿಯಿತು.

ಅವನು ಚೀಲ ಕಟ್ಟತೊಡಗಿದ! ಒಲೆಯನ್ನು ನಾಳೆ ಬೇರೆ ಟೆಕ್ನಿಷಿಯನ್ ಸೇಕರ್ ಬಂದು ಹತ್ತಿಸುತ್ತಾನೆ, ಸೋಮವಾರದಿಂದ ತನಗೆ ತೇನಿ ಊರಿಗೆ ವರ್ಗವಾಗಿದೆ ಎಂದು ಗೋಡೆಗೆ ಹೇಳುವವನಂತೆ ಹೇಳಿದ.

ತೇನ್‌ಮೊಳಿ ಥಟ್ಟನೆ ಅವನ ಕಡೆ ತಿರುಗಿದಳು. ವರ್ಗ... ತನ್ನ ದೂರಿನಿಂದಲೇ! ಇನ್ನು ಗುರುವಾರಗಳಲ್ಲಿ ಬೀದಿ ತುದಿಯಲ್ಲಿ ಅವನ ಬೈಕಿನ ಸದ್ದಿಗೆ ಕಿವಿಗೊಡುವಂತಿಲ್ಲ. ಕಿವಿಗೊಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಾದದ್ದೇ ಈಗ. ಗೊತ್ತಾದ ಸಿಟ್ಟಿಗೆ ಬಾಯಿ ಇನ್ನೂ ಜೋರಾಯಿತು. ಹತ್ತಿಸಿ ತೋರಿಸುವುದು ನಿಮ್ಮ ಕಂಪನಿಯ ನಿಯಮ ತಾನೇ, ಎರಡು ನಿಮಿಷದ ಕೆಲಸಕ್ಕೆ ಇನ್ನೊಂದು ದಿನವೇ, ನನ್ನ ಮೇಲಿನ ಸಿಟ್ಟನ್ನು ಈ ಮುದುಕಿಯ ಹೊಟ್ಟೆಯ ಮೇಲೆ ತೀರಿಸುತ್ತೀರಾ ಎಂದು ತಮಿಳಿನಲ್ಲಿ ಒಂದೇ ಉಸಿರಿಗೆ ಕೇಳಿದಳು.

ಅವನು ಲೈಟರನ್ನು ಕಟ್ಟೆಯ ಮೇಲಿಟ್ಟು ಬಾಗಿಲವರೆಗೆ ಹೋದ. ಅಲ್ಲಿ ನಿಂತ.

“ತಮಾಸೆಗೆ ಆಡಿದ ಮಾತಿಗೆ... ನಾ ಹೆಂಗೆ ಹತ್ತಿಸ್ಲಿ?”

ಅದು ಕನ್ನಡ! ತಡವರಿಸುವ, ಮನೆಯೊಳಗಿನ, ಅವಳದೇ ಕನ್ನಡ!

“ನಂಗೆ ಕೇಳಿದ್ರೆ ಎಲ್ಲಾ ಪುರಿಯುತ್ತೆ,” ಎಂದ ಅವನು, ಅರ್ಥವಾಗುತ್ತದೆ ಎನ್ನಲು ತಮಿಳಿನ ಮಾತನ್ನೇ ತಂದು. “ಆಡಕ್ಕೆ ಸರಿಯಾಗಿ ಬರಲ್ಲ. ನಮ್ಮವ್ವನ ಮನೇಲೂ ಇದೇ ಕಟ್ಟಳೆ. ನಿಮ್ಮನ್ನ ಕೇಳ್ದೆ ಹತ್ತಿಸಿದ್ರೆ ಮೋಸ ಆಯ್ತದೆ.”

ತೇನ್‌ಮೊಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹುಳಿ ಮಾವಿನಕಾಯಿ... ಮೀಟರ್‌ಕಾರ... ಎಲ್ಲವೂ ಕೇಳಿಸಿದೆ!

ಅವ್ವನಿಗೆ ಅಂಥ ಸಂಕಟವೇನೂ ಇರಲಿಲ್ಲ. ಯಾರ ಮನೆಯ ಕೂಸಪ್ಪ ನೀನು ಎಂದು ಕೇಳಿದಳು. ಮಾರ್ಕಯನ್‌ಕೋಟ್ಟೈನ ಅಯ್ಯಾವುವಿನ ಮೊಮ್ಮಗ ಎಂದ. ಅವ್ವ ಬೆರಳು ಮಡಿಸಿ ಮಡಿಸಿ ಕುಲಗಳನ್ನೆಲ್ಲ ಎಣಿಸಿ, ಕೊಟ್ಟು ತರುವ ಸಂಬಂಧವೇ ಎಂದು ತೀರ್ಪು ಕೊಟ್ಟು, ಸೀರೆಯ ಕಟ್ಟು ನೋಡುವ ನೆಪದಲ್ಲಿ ಎದ್ದು ಹೋದಳು.

“ನನ್ನ ದೂರಿಗೇ ನಿಮ್ಮನ್ನ ತೇನಿಗೆ ಹಾಕಿದ್ರಾ?” ತೇನ್‌ಮೊಳಿಯ ದನಿ ಒಡೆಯಿತು.

“ಇಲ್ಲ. ನಾನೇ ಕೇಳಿ ಹಾಕಿಸ್ಕಂಡೆ.” ಅವನು ತರಚಿದ ಮುಂಗೈ ನೋಡಿಕೊಂಡ. “ಆ ಮಾತು ಕೇಳಿದ್ಮೇಲೆ ಈ ಬೀದಿಗೆ ಬರಕ್ಕೆ ಕಷ್ಟ ಆಯ್ತು. ನಿಮಗೆ ಅದು ತಮಾಸೆ. ನಂಗೆ ಅಲ್ಲ.”

ಅವಳ ಕಣ್ಣು ತುಂಬಿ ಬಂತು. ಕಟ್ಟೆಯ ಮೇಲಿನ ಲೈಟರ್ ತೆಗೆದುಕೊಂಡು ಬಾಗಿಲಿಗೆ ಹೋಗಿ ಅವನ ಮುಂದೆ ಹಿಡಿದಳು.

“ಈಗ ತಮಾಸೆಗೆ ಹೇಳ್ತಿಲ್ಲ. ಹತ್ತಿಸು.”

ಅವನು ಒಲೆಯ ಮುಂದೆ ಹೋಗಿ ಲೈಟರ್ ಒತ್ತಿದ. ಮೂರನೇ ಸಲಕ್ಕೆ ಕಿಡಿ ಹಿಡಿದು ನೀಲಿ ಉರಿ ಸುತ್ತಲೂ ಅರಳಿತು. ಆಚೆ ಕೋಣೆಯಿಂದ ಅವ್ವ, ಹಾಲಿಡು ಮಗಾ ಎಂದು ಕೂಗಿದಳು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಕಳ್ಳಿ!

ಹಾಲು ಒಲೆಗೇರಿತು. ವಿಘ್ನೇಶ್ವರನ್ ನಮೂನೆ ಚಾಚಿದ. ಅವಳು ಸಹಿ ಹಾಕಿದಳು, ಅಕ್ಷರ ಸೊಟ್ಟಗಾಯಿತು. ಅವನ ಮುಖದಲ್ಲಿ ಅವಳು ಮೊದಲ ಬಾರಿಗೆ ನಗು ಕಂಡಳು.

“ಇನ್ನೂ ಏನಾರ ದೂರು ಇದೆಯಾ ಮೇಡಂ?”

“ಇದೆ,” ಎಂದಳು ತೇನ್‌ಮೊಳಿ. “ತೇನಿಯಿಂದ ಗುರುವಾರ ಬರಕ್ಕೆ ತಡ ಮಾಡ್ಬಾರ್ದು.”