ಹೊಸ್ತಿಲ ಮುಂದಿನ ಲಘುಕೋನ

ಊದುಬತ್ತಿ ಕಾರ್ಖಾನೆಯ ಬಾಗಿಲ ಮೇಲೆ ಕೋನಗಣ್ಣು ಎಂಬ ಯಂತ್ರ ಮಿನುಗಿತು. ಒಳಬರುವವರ ಸೊಂಟದಿಂದ ಕುತ್ತಿಗೆಗೆ ಅದು ಒಂದು ಗೆರೆ ಎಳೆಯುತ್ತದೆ. ಸೊಂಟಕ್ಕಿಂತ ಕುತ್ತಿಗೆ ಎಷ್ಟು ಎತ್ತರದಲ್ಲಿದೆ, ಎಷ್ಟು ಮುಂದೆ ಚಾಚಿದೆ ಎಂದು ನೋಡಿ, ತ್ರಿಕೋನಮಿತಿಯಿಂದ ಆ ಗೆರೆ ನೆಲದೊಂದಿಗೆ ಮಾಡುವ ಕೋನವನ್ನು ಲೆಕ್ಕ ಹಾಕುತ್ತದೆ. ನೆಟ್ಟಗೆ ನಿಂತರೆ ತೊಂಬತ್ತು ಡಿಗ್ರಿ, ಅಂದರೆ ಲಂಬಕೋನ. ಅದಕ್ಕಿಂತ ಕಡಿಮೆಯಾದರೆ ಲಘುಕೋನ. ಬೆನ್ನು ಬಾಗಿದಷ್ಟೂ ಕೋನ ಕಿರಿದು.

ಡಾ. ಮಂದಾಕಿನಿ ಇದನ್ನು ಕಂಡುಹಿಡಿದದ್ದು ಕೂತು ಊದುಬತ್ತಿ ಹೊಸೆದು ಬೆನ್ನು ಸೋತವರಿಗೆ ಹೊತ್ತಿಗೆ ಸರಿಯಾಗಿ ವಿಶ್ರಾಂತಿ ಸಿಗಲೆಂದು. ಮಾಲೀಕ ಅದನ್ನು ಬಾಗಿಲಿಗೆ ಕಟ್ಟುತ್ತೇನೆಂದಾಗ ಅವಳು ಒಪ್ಪಿ ತಲೆಯಾಡಿಸಿದ್ದಳು. ತನ್ನ ಯಂತ್ರ ಲೋಕ ಕಾಣಲಿ ಎಂಬ ಆಸೆ! ಬಾಗಿದವರಿಂದ ಕೆಲಸ ಸಾಗದೆಂದು ಮಾಲೀಕ ಈಗ ಅವರಿಗೆ ಕೆಂಪು ದೀಪ ಇಟ್ಟಿದ್ದಾನೆ. ಕೆಂಪು ಬಂದರೆ ಕೆಲಸವಿಲ್ಲ.

"ನನ್ ಬೆನ್ನು ನೆಟ್ಟಗೈತೆ ಕಣವ್ವ, ನೀನೇ ನೋಡು" ಎಂದಳು ಹೊಸೆಯುವ ಕೆಲಸದ ಪುಟ್ಟಗೌರಮ್ಮ. ವಾರದಿಂದ ಅವಳಿಗೆ ಬಾಗಿಲು ತೆರೆದಿರಲಿಲ್ಲ.

"ದಿನಾ ಬರೋ ಹಾಗೇ ಬನ್ನಿ ಅಮ್ಮ" ಎಂದಳು ಯಂತ್ರ ನೋಡಲು ಬಂದಿದ್ದ ಮಂದಾಕಿನಿ.

ಪುಟ್ಟಗೌರಮ್ಮ ಚಪ್ಪಲಿ ಬಿಟ್ಟಳು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೆಂಪು ದೀಪ ಹತ್ತಿತು.

ಮಂದಾಕಿನಿಗೆ ಆಗ ಹೊಳೆಯಿತು. ಪ್ರಯೋಗಾಲಯದಲ್ಲಿ ಯಾರೂ ಹೊಸ್ತಿಲಿಗೆ ನಮಸ್ಕರಿಸಿರಲಿಲ್ಲ.

"ಇನ್ಮೇಲೆ ಬಗ್ಗಬೇಡಿ" ಎಂದಳು, ನಾಚಿಕೆಯಿಂದ.

"ಅನ್ನ ಕೊಡೋ ಜಾಗ. ಮುಟ್ಟಿ ಕಣ್ಣಿಗೊತ್ಕೊಳ್ದೆ ಹೆಂಗವ್ವ ಒಳೀಕೆ ಹೋಗದು?"

ಆದರೂ ಹೊಟ್ಟೆ ಕೇಳಬೇಕಲ್ಲ. ಪುಟ್ಟಗೌರಮ್ಮ ಕಣ್ಣು ತೇವ ಮಾಡಿಕೊಂಡು, ಕೋಲು ನುಂಗಿದವಳಂತೆ ನಡೆದು ಹೋದಳು. ಹಸಿರು ದೀಪ. ಹಿಂದಿದ್ದ ಹೆಂಗಸರೂ ಹೊಸ್ತಿಲನ್ನು ನೋಡದೆ ದಾಟಿದರು.

ಕೊನೆಗೆ ಬಂದವಳು ರಾಚಮ್ಮ. ಅವಳ ಬೆನ್ನು ನಿಜಕ್ಕೂ ಬಾಗಿತ್ತು. ಗೋಡೆ ಹಿಡಿದು ನೆಟ್ಟಗಾಗಲು ನೋಡಿದಳು, ಆಗಲಿಲ್ಲ. ಕೆಂಪು. ಯಾರಿಗಾಗಿ ಆ ಕಣ್ಣು ಹುಟ್ಟಿತ್ತೋ ಅವಳೇ ಹೊರಗುಳಿದಳು.

"ಇದನ್ನ ತೆಗೆಸಿಬಿಡಿ" ಎಂದು ಮಂದಾಕಿನಿ ಮಾಲೀಕನನ್ನು ಬೇಡಿದಳು.

"ಈಗ ಎಲ್ಲಾ ಕಾರ್ಖಾನೇಲೂ ಇದೆಯಲ್ಲ ಮೇಡಂ. ನಿಮ್ಮದೇ ಕೀರ್ತಿ!"

ಯಂತ್ರ ಸುಳ್ಳು ಹೇಳಿರಲಿಲ್ಲ. ಅದನ್ನು ಬಾಗಿಲಿಗೆ ಬಿಟ್ಟುಕೊಟ್ಟ ತಪ್ಪು ತನ್ನದು. ಅವಳು ಹೊಸ್ತಿಲ ಮುಂದೆಯೇ ನಿಂತಿದ್ದ ರಾಚಮ್ಮನ ಬಳಿ ಹೋಗಿ, ಬಗ್ಗಿ ಕಾಲು ಮುಟ್ಟಿದಳು. ಮೇಲೆ ಕೆಂಪು ದೀಪ ಹತ್ತಿತು.

ಇದು ಮುಂದೆ ಬರಬಹುದಾದ ದಿನದ ಕಥೆ; ಆ ಬಾಗಿಲನ್ನು ನಾವಿನ್ನೂ ಕಟ್ಟಿಲ್ಲ. ಎಷ್ಟು ಬಾಗಿದ್ದೀರಿ ಎಂದು ಅಳೆಯುವ ಮುಂಚೆ, ಯಾಕೆ ಬಾಗಿದಿರಿ ಎಂದು ಕೇಳಲು ನಮಗಿನ್ನೂ ಹೊತ್ತಿದೆ.