ಬಲಕ್ಕೆ ತಿರುಗಿದ ಕೊಕ್ಕೆ

'ಪಟ್' ಎಂಬ ಸದ್ದು ಕೇಳಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ದೊಡ್ಡ ಸದ್ದೇನಲ್ಲ, ಮಲಗಿದವರನ್ನು ಎಬ್ಬಿಸುವಂಥದಂತೂ ಅಲ್ಲ. ಆದರೆ ಚಿಲಕದಕ್ಕನಿಗೆ ಇನ್ನೂ ನಿದ್ದೆ ಹತ್ತಿರಲಿಲ್ಲ. ಬೀದಿಬಾಗಿಲ ಚಿಲಕವನ್ನು ಮೂರು ಸಲ ಮುಟ್ಟಿ ನೋಡದೆ ಅವಳು ಮಲಗಿದವಳಲ್ಲ. ಮಲಗಿದ ಮೇಲೂ ನಾಲ್ಕನೆಯ ಸಲ ಹೋಗಿ ಬರಲೇ ಎಂದು ಯೋಚಿಸುವವಳು. ಆ ಅಡ್ಡಹೆಸರು ಬಂದದ್ದೇ ಹಾಗೆ.

ಅವಳು ಎದ್ದು ಕೂತಳು. ಅಪ್ಪ ತನ್ನ ಕರಿ ಕೊಡೆ ಬಿಚ್ಚಿದಾಗ ಇಂಥದೇ ಸದ್ದಾಗುತ್ತಿತ್ತು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಕನಸಿರಬೇಕು ಎಂದುಕೊಂಡಳು. ಆದರೂ ಇಳಿದು ಹೋಗಿ ಚಿಲಕ ಮುಟ್ಟಿದಳು. ಹಾಕಿದಂತೆಯೇ ಇತ್ತು. ಮತ್ತೆ ಬಂದು ಮಲಗಿದಳು.

ಬೆಳಿಗ್ಗೆ ಆರಕ್ಕೆ ಕೆಳಗಿನ ಕೋಣೆಯ ಬಾಗಿಲು ತೆರೆದರೆ, ಗಾಜಿನ ಪೆಟ್ಟಿಗೆ ಖಾಲಿ. ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ಅವಳ ಕೊರಳಲ್ಲೇ ಇತ್ತು. ಕಿಟಕಿ ಮಾತ್ರ ತೆರೆದಿತ್ತು.

ಆ ಕೋಣೆ ಒಂದು ಕಾಲದಲ್ಲಿ ಅವಳ ಅಪ್ಪನ ಕೊಡೆ ರಿಪೇರಿ ಅಂಗಡಿ. ಕಡ್ಡಿ ಕಟ್ಟುವುದು, ಬಟ್ಟೆ ಹೊಲಿಯುವುದು, ಯಾರಾದರೂ ಆಸೆಪಟ್ಟರೆ ಕೊಡೆಯ ಅಂಚಿಗೆ ಕೂದಲೆಳೆಯಂಥ ಕುಂಚದಲ್ಲಿ ಬಳ್ಳಿ ಬರೆಯುವುದು, ಎಲ್ಲ ಅವನೊಬ್ಬನದೇ ಕೆಲಸ. ಮಹಡಿಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿ ಒಬ್ಬ ಯುವ ಚಿತ್ರಕಾರ್ತಿ ಎರಡು ತಿಂಗಳಿದ್ದು, ಬೀದಿಯ ಫೋಟೋ ತೆಗೆದುಕೊಂಡು ಹೋದರು. ಮುಂದಿನ ವರ್ಷ 'ಕೊಡೆಯಂಗಡಿಯ ಹುಡುಗಿ' ಎಂಬ ಅನಿಮೇಷನ್ ಸಿನಿಮಾ ಬಂತು. ಅದರಲ್ಲಿ ಇದೇ ಬೀದಿ, ಇದೇ ಮನೆ. ಮನೆಯ ಮುಂಭಾಗ, ಹೊತ್ತಿದ ದೀಪ, ಬಾಗಿಲ ಮೇಲೆ ಅಪ್ಪ ತಗುಲಿಸಿದ್ದ ಕಬ್ಬಿಣದ ಕೊಡೆ, ಇಷ್ಟನ್ನೂ ಬಿಡಿಸಿದ ಮೂಲ ಹಾಳೆಯೊಂದನ್ನು ಆಕೆ ಅಪ್ಪನಿಗೆ ಕಳಿಸಿಕೊಟ್ಟಿದ್ದರು.

ಅಂದಿನಿಂದ ಪ್ರತಿ ವರ್ಷ ಸಿನಿಮಾ ಬಿಡುಗಡೆಯಾದ ದಿನ ಅಭಿಮಾನಿಗಳು ಹಳದಿ ಕೊಡೆ ಹಿಡಿದು ಬರುತ್ತಿದ್ದರು. ಬಂದವರೆಲ್ಲ ಒಂದೊಂದು ಕನ್ನಡಿಯನ್ನೂ ತರುತ್ತಿದ್ದರು. ಯಾಕೆಂದರೆ ಚಿತ್ರಕಾರ್ತಿಯ ಫೋಟೋ ತೊಳೆಯುವಾಗ ತಿರುಗುಮುರುಗಾಗಿ, ಸಿನಿಮಾದಲ್ಲಿ ಇಡೀ ಬೀದಿ ಎಡಬಲ ಬದಲಾಗಿಬಿಟ್ಟಿತ್ತು. ಅಭಿಮಾನಿಗಳು ಮನೆಗೆ ಬೆನ್ನು ಹಾಕಿ ನಿಂತು, ಕನ್ನಡಿಯಲ್ಲಿ ಮನೆ ನೋಡಿ, "ಈಗ ಸರಿಯಾಯ್ತು!" ಎಂದು ಕುಣಿಯುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಆ ಹಾಳೆಯನ್ನು ವರ್ಷಕ್ಕೊಮ್ಮೆ, ಅರೆಬೆಳಕಿನಲ್ಲಿ, ಹಗ್ಗದಾಚೆಯಿಂದ ತೋರಿಸುವುದು ಅಪ್ಪನ ಕಾಲದ ನಿಯಮ.

ಈ ಸಲ ಮೂವತ್ತನೆಯ ವರ್ಷ. ಚಿತ್ರಕಾರ್ತಿ ಮೊದಲ ಬಾರಿ ಬರುವವರಿದ್ದರು. ಹತ್ತು ಗಂಟೆಗೆ ಹಾಳೆಯನ್ನು ಕೈಯಲ್ಲಿ ಹಿಡಿದು, ಹಿಂಬದಿಯಲ್ಲಿ ಸಹಿ ಹಾಕುವುದೆಂದು ಗೊತ್ತಾಗಿತ್ತು.

"ಅತ್ತೇ!" ಎಂದು ಚಿಲಕದಕ್ಕ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು, ತಮ್ಮ ತೀರಿಕೊಂಡ ಮೇಲೆ ಬಂದು ಅಟ್ಟದ ಕೋಣೆ ಹಿಡಿದಿದ್ದಳು. ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದದ್ದು ಅವಳ ಹತ್ತಿರ. ಹುಡುಕತ್ತೆ ಎಂದೇ ಅವಳಿಗೆ ಹೆಸರು.

ಹುಡುಕತ್ತೆ ಟೀ ಲೋಟ ಹಿಡಿದೇ ಇಳಿದು ಬಂದಳು. ಪೆಟ್ಟಿಗೆಯ ಮುಂದಿನ ಬೀಗದ ಕಡೆ ಕಣ್ಣೂ ಹಾಯಿಸದೆ ಹಿಂದೆ ಹೋಗಿ ಬಗ್ಗಿದಳು. ಕಿಟಕಿಯ ಹೊರಗೆ ಸಾಲಾಗಿಟ್ಟ ಹೂವಿನ ಕುಂಡಗಳನ್ನು ನೋಡಿದಳು.

"ಎಷ್ಟು ಕುಂಡ ಇಟ್ಟಿದ್ದೆ?"

"ಏಳು. ಅತ್ತೆ, ಈಗ ಕುಂಡದ ಮಾತಾ? ಬೀಗದ ಕೈ ಇರೋದು ನನ್ನೊಬ್ಬಳ ಹತ್ತಿರ. ನಾನೇ ಮಾರಿಕೊಂಡೆ ಅಂತಾರೆ. ಹತ್ತು ಗಂಟೆಗೆ ಆಯಮ್ಮನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಇರೋ ಮುಖಾನೇ ಇಟ್ಕೊಂಡು ನಿಲ್ಲು. ಏಳೂ ಇವೆ ನೋಡು, ಒಂದೂ ಅಲ್ಲಾಡಿಲ್ಲ. ರಾತ್ರಿ ಏನಾದ್ರೂ ಕೇಳಿಸ್ತಾ? ನಿನಗೆ ಇಲಿ ಉಸಿರಾಡಿದ್ರೂ ಕೇಳಿಸುತ್ತಲ್ಲ."

ಚಿಲಕದಕ್ಕ 'ಪಟ್' ಎಂದ ಸದ್ದಿನ ವಿಷಯ ಹೇಳಿದಳು. ಅಪ್ಪನ ಕೊಡೆ ನೆನಪಾಯಿತೆಂದು ಮಾತ್ರ ಹೇಳಲಿಲ್ಲ, ನಾಚಿಕೆಯಾಯಿತು.

"ಯಾವ ಕೊಡೆ?" ಎಂದು ಅತ್ತೆ ತಾನಾಗಿಯೇ ಕೇಳಿದಳು. "ಕೊಡೆಯವನ ಮಗಳು ನೀನು. ಇವರ ಹಳದಿ ಕೊಡೆಗಳು ಬಿಚ್ಚುವಾಗ ಸರ್ರ್ ಅಂತ ಜಾರ್ತವೆ. ಪಟ್ ಅನ್ನಲ್ಲ."

"ಅಪ್ಪಂದು. ಸ್ಪ್ರಿಂಗಿನದು," ಎಂದಳು ಚಿಲಕದಕ್ಕ, ಮೆಲ್ಲಗೆ.

ಆ ರಾತ್ರಿ ಮನೆಯಲ್ಲಿ ಉಳಿದಿದ್ದ ಅತಿಥಿಗಳು ಮೂವರು. ಅಭಿಮಾನಿ ಬಳಗದ ಅಧ್ಯಕ್ಷರು ವೃತ್ತಿಯಿಂದ ಕನ್ನಡಕದ ಅಂಗಡಿಯವರು. ಇಪ್ಪತ್ತು ವರ್ಷದಿಂದ ತಪ್ಪದೆ ಬರುತ್ತಿದ್ದವರು. ಹಿಂದಿನ ಸಂಜೆ ತಾನೇ ಜೇಬಿನಿಂದ ಬೆರಳುದ್ದದ ತಿರುಪುಳಿ ತೆಗೆದು, ಚಿಲಕದಕ್ಕನ ಸಡಿಲ ಕನ್ನಡಕವನ್ನು ಬಿಗಿಮಾಡಿ ಕೊಟ್ಟಿದ್ದರು. ಎರಡನೆಯವರು ಸಂಗೀತದ ಟೀಚರ್. ಮೂರನೆಯವನು ಹಳೆಯ ಸಿನಿಮಾ ಸಾಮಾನು ಕೂಡಿಹಾಕುವ ಪೋಸ್ಟರ್ ಮಾಮ. ಹಾಳೆ ಕೊಡುತ್ತೀರಾ ಎಂದು ಒಂದೇ ದಿನದಲ್ಲಿ ಮೂರು ಸಲ ಕೇಳಿ ಬೈಸಿಕೊಂಡಿದ್ದವನು.

ಹುಡುಕತ್ತೆ ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು ಟೀ ಕೊಟ್ಟು ವಿಚಾರಿಸಿದಳು.

"ನಾನು ಮಲಗಿದ್ರೆ ಹೆಣ ಕಣಮ್ಮ," ಎಂದ ಪೋಸ್ಟರ್ ಮಾಮ. "ನನ್ನ ಮೇಲೇ ಅನುಮಾನ ಅಂತ ಗೊತ್ತು. ನನ್ನ ಪೆಟ್ಟಿಗೆ ತಂದು ಇಲ್ಲೇ ಸುರೀತೀನಿ, ನೋಡ್ಕೊಳ್ಳಿ."

"ಇವರ ಗೊರಕೆ ಗೋಡೆ ತೂರಿ ಬರ್ತಿತ್ತು," ಎಂದರು ಟೀಚರ್. "ಒಂದೇ ಶ್ರುತಿ, ಬೆಳಗಿನವರೆಗೂ ತಪ್ಪಲಿಲ್ಲ. ನಾನು ಕಿವಿಗೆ ಹತ್ತಿ ಇಟ್ಕೊಂಡ್ರೂ ಬಿಡಲಿಲ್ಲ."

ಅಧ್ಯಕ್ಷರು ಮಾತ್ರ ಏನೋ ಕಂಡಿದ್ದರು. "ಕೆಳಗೆ ಸದ್ದಾಯ್ತು ಅಂತ ಕಿಟಕಿಯಿಂದ ನೋಡಿದೆ ಅತ್ತೆ. ರೇನ್‌ಕೋಟ್ ಹಾಕಿದವನೊಬ್ಬ ಕಿಟಕಿಯಿಂದ ಹಾರಿ ಓಡಿದ. ಮುಖ ಕಾಣಲಿಲ್ಲ."

"ಯಾವ ಕಡೆಗೆ?"

"ನನ್ನ ಎಡಗಡೆಗೆ. ದೀಪದ ಕೆಳಗೆ ಹಾದು, ಬೀದಿಯ ಮೆಟ್ಟಿಲು ಇಳಿದು ಹೋದ."

"ಆಗಲೇ ಯಾಕೆ ಕೂಗಲಿಲ್ಲ?"

"ಏನೋ... ಬೇರೆ ಯಾರೋ ಅಂದ್ಕೊಂಡೆ," ಎಂದು ಅವರು ಟೀ ಲೋಟದೊಳಗೆ ನೋಡಿದರು.

ಒಂಬತ್ತಕ್ಕೆ ಹುಡುಕತ್ತೆ ಎಲ್ಲರನ್ನೂ ಅಂಗಡಿ ಕೋಣೆಯಲ್ಲಿ ಕೂರಿಸಿದಳು. ಹೊರಗೆ ಬೀದಿ ಆಗಲೇ ಹಳದಿ ಕೊಡೆಗಳಿಂದ ತುಂಬುತ್ತಿತ್ತು. ಚಿಲಕದಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈ ಹಿಂದೆ ಚಿಲಕದ ಮೇಲಿತ್ತು.

"ಮೊದಲು ಬೀಗದ ವಿಷಯ," ಎಂದಳು ಹುಡುಕತ್ತೆ. "ಎಲ್ಲರೂ ಪೆಟ್ಟಿಗೆಯ ಮುಂದೆ ನಿಂತು ಬೀಗ ನೋಡ್ತೀರಿ. ಹಿಂದೆ ಮುಚ್ಚಳ ಮಡಚೋ ಕೀಲು ಇದೆ, ಅದಕ್ಕೆ ನಾಲ್ಕು ಪುಟಾಣಿ ತಿರುಪು. ವರ್ಷಗಟ್ಟಲೆ ಹಿಡಿದ ಕಿಲುಬು ಅವುಗಳ ತಲೆಯ ಗೀರಿನಲ್ಲಿ ಮಾತ್ರ ಇಲ್ಲ. ಅಲ್ಲಿ ಹಿತ್ತಾಳೆ ಹೊಳೀತಿದೆ. ತಿರುಪು ಬಿಚ್ಚಿ, ಹಿಂದಿನಿಂದ ಮುಚ್ಚಳ ಎತ್ತಿ, ಮತ್ತೆ ಹಾಕಿದ್ದಾರೆ. ಅಡುಗೆಮನೆ ಚಾಕು ಆಡಿಸಿದ್ರೆ ಗೀರು ಹರಿದುಹೋಗ್ತಿತ್ತು. ಇದು ದಿನಾ ಅಂಥ ತಿರುಪು ಬಿಚ್ಚೋ ಕೈ."

ಟೀಚರ್ ತಮ್ಮ ಕನ್ನಡಕ ಮುಟ್ಟಿಕೊಂಡರು. ಅಧ್ಯಕ್ಷರು ನೆಲ ನೋಡಿದರು.

"ಎರಡನೇದು ಕಿಟಕಿ. ಏಳು ಕುಂಡ ದಾಟಿ ಹಾರಿದವನು ಒಂದನ್ನಾದ್ರೂ ಉರುಳಿಸಬೇಕಿತ್ತು. ಹೊರಗಿನಿಂದ ಯಾರೂ ಬಂದಿಲ್ಲ, ಒಳಗಿನಿಂದ ತೆರೆದಿಟ್ಟದ್ದು. ಮೂರನೇದು ರೇನ್‌ಕೋಟಿನವನು. ಅಧ್ಯಕ್ಷರೇ, ನಿಮ್ಮ ಕೋಣೆ ಕಿಟಕಿಯಿಂದ ಎಡಗಡೆ ಏನಿದೆ?"

"ದೀಪ... ಮೆಟ್ಟಿಲು..." ಎಂದವರು ತಟ್ಟನೆ ನಿಲ್ಲಿಸಿದರು.

"ಅದು ಸಿನಿಮಾದಲ್ಲಿ. ಇಲ್ಲಿ ಎಡಗಡೆ ಇರೋದು ಉಗ್ರಾಣದ ಗೋಡೆ. ಆ ಕಡೆ ಓಡಿದವನ ಹಣೆ ಒಡೆದು, ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿರ್ತಿದ್ದ."

ಪೋಸ್ಟರ್ ಮಾಮ ಕಿಸಕ್ಕನೆ ನಕ್ಕ. "ಕನ್ನಡಿ ತರೋದು ಮರೆತ್ರಾ ಅಧ್ಯಕ್ಷರೇ?"

"ನಗಬೇಡಿ," ಎಂದಳು ಹುಡುಕತ್ತೆ. "ಮೂವತ್ತು ವರ್ಷ ಜನ ನನ್ನೆದುರು ಕೂತು ಕಳೆದುಹೋದ ಸಾಮಾನನ್ನ ವರ್ಣಿಸಿದ್ದಾರೆ. ನಿಜ ಹೇಳೋವನು ತಡವರಿಸಿ ಸಾಮಾನು ನೆನಪಿಸ್ಕೋತಾನೆ. ಸುಳ್ಳು ಹೇಳೋವನ ಕಣ್ಣು ತನಗೆ ಬಾಯಿಪಾಠ ಆಗಿರೋ ಜಾಗಕ್ಕೆ ಹೋಗಿಬಿಡುತ್ತೆ. ಇವರು ಈ ಬೀದಿ ನೋಡಿರೋದು ವರ್ಷಕ್ಕೆ ಎರಡು ದಿನ. ಸಿನಿಮಾ ನೋಡಿರೋದು ಲೆಕ್ಕವಿಲ್ಲದಷ್ಟು ಸಲ."

ಅವಳು ಮೂಲೆಗೆ ಹೋಗಿ, ಅಪ್ಪ ಹೋದ ಮೇಲೆ ಯಾರೂ ಮುಟ್ಟದ ಅವನ ಕರಿ ಕೊಡೆಯನ್ನು ಎತ್ತಿಕೊಂಡಳು. "ಕೊನೇದು ನನ್ನ ಸೊಸೆ ಕಿವಿಗೆ ಬಿದ್ದ ಸದ್ದು. ಹತ್ತು ಗಂಟೆಗೆ ಬೀದಿಯಲ್ಲಿ ಹಳದಿ ಕೊಡೆಗಳೆಲ್ಲ ಒಟ್ಟಿಗೆ ಬಿಚ್ಚಬೇಕು. ಅವುಗಳಲ್ಲಿ ಏನೂ ಅಡಗಿಸೋಕೆ ಆಗಲ್ಲ. ಬಿಚ್ಚದೆ ಉಳಿಯೋದು ಇದೊಂದೇ. ಆದ್ರೆ ಗುಂಡಿ ಒತ್ತಿದ್ರೆ ಸದ್ದಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ."

'ಪಟ್.' ಅತ್ತೆ ಗುಂಡಿ ಒತ್ತಿದ್ದಳು. ಕೊಡೆಯ ಕೋಲಿಗೆ ತೆಳು ಬಟ್ಟೆಯಲ್ಲಿ ಸುತ್ತಿದ ಹಾಳೆ ಇತ್ತು. ಮೊಳದುದ್ದದ ಹಾಳೆ, ಒಂದು ಮಡಿಕೆ ಕೂಡ ಬಿದ್ದಿರಲಿಲ್ಲ.

ಅಧ್ಯಕ್ಷರು ಎದ್ದು ನಿಂತರು. "ಹುಚ್ಚು ಅತ್ತೆ. ಒಂದು ದಿನ ನನ್ನ ಹತ್ತಿರ ಇಟ್ಕೊಳ್ಳೋ ಆಸೆ. ತಪ್ಪಾಯ್ತು. ಇವತ್ತೇ ಅಧ್ಯಕ್ಷಗಿರಿ ಬಿಡ್ತೀನಿ."

"ನಿಮ್ಮಂಥವರೇ ಹೀಗೆ ಮಾಡಿದ್ರೆ..." ಎಂದು ಟೀಚರ್ ಕಣ್ಣೊರೆಸಿಕೊಂಡರು. "ಹೋಗಲಿ, ಸಿಕ್ಕಿತಲ್ಲ. ಹೊರಗೆ ಹೇಳೋದು ಬೇಡ." ಬೆಳಗಿನಿಂದ ಕಳ್ಳನೆನಿಸಿಕೊಂಡಿದ್ದ ಪೋಸ್ಟರ್ ಮಾಮನೂ, "ಆಸೆ ಯಾರಿಗಿಲ್ಲ ಬಿಡಿ," ಎಂದು ಅಧ್ಯಕ್ಷರ ಭುಜ ತಟ್ಟಿದ. ಟೀಚರೂ ಅವನೂ ಹೊರಗೆ ಹೋದರು.

ಹುಡುಕತ್ತೆ ಬಾಗಿಲು ಹಾಕಿ ಬಂದಳು. "ಈಗ ನಿಜ ಹೇಳಿ. ಹತ್ತಿರ ಇಟ್ಕೊಳ್ಳೋ ಆಸೆ ಇದ್ದವನು ಅದನ್ನ ಇದೇ ಕೋಣೆಯಲ್ಲಿ ಬಿಟ್ಟು ಮೇಲೆ ಹೋಗಿ ಮಲಗ್ತಾನಾ? ನಿಮಗೆ ಇದು ಬೇಕಿರಲಿಲ್ಲ. ಇವತ್ತೊಂದು ದಿನ ಯಾರ ಕಣ್ಣಿಗೂ ಬೀಳದಿದ್ರೆ ಸಾಕಿತ್ತು."

ಅಧ್ಯಕ್ಷರು ಚಿಲಕದಕ್ಕನ ಕಡೆ ತಿರುಗಿದರು. "ಅಕ್ಕಾ, ಹೋದ ವರ್ಷ ಗಾಜು ಒರೆಸಿಕೊಟ್ಟೆನಲ್ಲ, ಆಗ ನೋಡಿದೆ. ಬಾಗಿಲ ಮೇಲಿನ ಕೊಡೆಯ ಹಿಡಿ ನೋಡಿ."

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದೀಪ ಸಿನಿಮಾದ ಕಡೆಗಿತ್ತು. ಮೆಟ್ಟಿಲೂ ಸಿನಿಮಾದ ಕಡೆಗಿತ್ತು. ಅಕ್ಕಿಕಾಳಿನಷ್ಟು ಪುಟ್ಟ ಕೊಡೆಯ ಹಿಡಿಯ ಕೊಕ್ಕೆ ಮಾತ್ರ ಬಲಕ್ಕೆ ತಿರುಗಿತ್ತು. ಸಿನಿಮಾದಲ್ಲಿ ಅದು ಎಡಕ್ಕೆ. ಬಲಕ್ಕೆ ಇರುವುದು ಹೊರಗೆ, ನಿಜವಾದ ಬಾಗಿಲ ಮೇಲೆ.

ಸೂರು ಸೋರಿದ ವರ್ಷ ಅವಳಿಗೆ ನೆನಪಾಯಿತು. ಅಪ್ಪ ಒಂದು ತಿಂಗಳು ಈ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ. ಕೇಳಿದರೆ ಅರ್ಜೆಂಟ್ ಕೆಲಸ ಎನ್ನುತ್ತಿದ್ದ. ಉಗುರ ಸಂದಿಯಲ್ಲಿ ನೀಲಿ ಬಣ್ಣವಿರುತ್ತಿತ್ತು. ಅರೆಬೆಳಕು, ಹಗ್ಗ, ಎಲ್ಲ ನಿಯಮ ಶುರುವಾದದ್ದು ಆಮೇಲೆಯೇ.

"ನೀರು ಬಿದ್ದು ಮೂಲದ್ದು ಹಾಳಾಗಿತ್ತು," ಎಂದಳು. "ಇದು ಅಪ್ಪನ ಕೈ."

"ಎಲ್ಲಾನೂ ಚಿತ್ರ ನೋಡಿ ಬಿಡಿಸಿದ," ಎಂದಳು ಹುಡುಕತ್ತೆ. "ಇದೊಂದನ್ನ ನೋಡದೇ ಬಿಡಿಸಿದ. ತಾನೇ ಬಗ್ಗಿಸಿ ತಗುಲಿಸಿದ ಕೊಕ್ಕೆ, ನೋಡೋದೇನಿದೆ ಅಂತ."

"ಮೂಲ ಬಿಡಿಸಿದವರು ಕೈಗೆತ್ತಿಕೊಂಡ ತಕ್ಷಣ ತಿಳಿದುಬಿಡುತ್ತೆ," ಎಂದರು ಅಧ್ಯಕ್ಷರು. "ಜನರ ಮುಂದೆ ನಿಮ್ಮಪ್ಪನ ಹೆಸರು... ಕಳೆದುಹೋಯ್ತು ಅಂದ್ರೆ ಆಯಮ್ಮ ವಾಪಸು ಹೋಗ್ತಾರೆ, ನಾಳೆ ನಾನೇ ಹುಡುಕಿಕೊಟ್ಟ ಹಾಗೆ ಮಾಡೋಣ ಅಂದ್ಕೊಂಡೆ. ಕೀ ನಿಮ್ಮ ಹತ್ತಿರ ಅನ್ನೋದೇ ಹೊಳೀಲಿಲ್ಲ. ಬೆಳಿಗ್ಗೆ ನಿಮ್ಮ ಮುಖ ನೋಡಿದಾಗ ಹೊಳೀತು. ಅದಕ್ಕೇ ಆ ರೇನ್‌ಕೋಟಿನವನನ್ನ ಹುಟ್ಟಿಸಿದೆ."

ಹೊರಗೆ ಚಪ್ಪಾಳೆ ಕೇಳಿತು. ಚಿತ್ರಕಾರ್ತಿ ಬಂದಿದ್ದರು.

ಬೆಳ್ಳಿಕೂದಲಿನ, ಸಣ್ಣ ಮೈಕಟ್ಟಿನ ಹೆಂಗಸು. ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಚಿಲಕದಕ್ಕ ಹಾಳೆ ಕೊಟ್ಟಳು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಐದು ಸಲ ತಿದ್ದಿಯಾಗಿತ್ತು. "ಅಮ್ಮಾ, ಇದು..."

"ಇರಿ," ಎಂದರು ಅವರು. ಬೆರಳು ಹಾಳೆಯ ಮೇಲೆ ತೇಲುತ್ತ ಬಂದು ಕೊಕ್ಕೆಯ ಹತ್ತಿರ ನಿಂತಿತು. ಎಷ್ಟೋ ಹೊತ್ತು ಅಲ್ಲೇ ಇತ್ತು.

"ಸಿನಿಮಾ ಬಂದಾಗ ನಿಮ್ಮಪ್ಪ ನನಗೊಂದು ಕಾಗದ ಬರೆದಿದ್ರು," ಎಂದರು. "ಎರಡೇ ಸಾಲು. ಸಿನಿಮಾ ಚೆನ್ನಾಗಿದೆ. ನನ್ನ ಕೊಕ್ಕೆ ಮಾತ್ರ ಉಲ್ಟಾ ಆಗಿದೆ." ಅವರು ನಕ್ಕರು. "ನಾನು ಉತ್ತರ ಬರೀಲೇ ಇಲ್ಲ. ಕೊನೆಗೆ ಅವರೇ ಸರಿ ಮಾಡಿಕೊಂಡ್ರು ನೋಡಿ."

ಅದು ಮರೆವೋ, ಹಟವೋ ಎಂದು ಯಾರೂ ಕೇಳಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಅವರು ತಲೆಯೆತ್ತದೆ ಕೇಳಿದರು.

"ಈಗ ಸ್ವಲ್ಪ ಹೊತ್ತಿನ ಮುಂಚೆ. ಹೊರಗೆ ಹೇಳಿಬಿಡ್ತೀನಿ ಅಮ್ಮ. ಜನ ಇಷ್ಟು ದೂರದಿಂದ..."

"ಬಿಡಿಸಿದವಳು ನಾನು. ಮೋಸ ಆಗಿದ್ರೆ ನನಗೆ ತಾನೆ ಆಗಬೇಕಾದ್ದು? ನನಗೆ ಆಗಿಲ್ಲ." ಹಾಳೆ ತಿರುಗಿಸಿ, ಪೆನ್ನು ತೆಗೆದು, ಹೆಸರು ಹಾಕದೆ ಒಂದೇ ಪದ ಬರೆದರು: 'ನೋಡಿದೆ.' ಕೆಳಗೆ ತಾರೀಖು ಹಾಕಿದರು.

ಅವರು ಹೊಸಿಲಲ್ಲಿ ನಿಂತಾಗ ಟೀಚರ್ ಕೂಗಿ ಕೇಳಿದರು, "ನಿಮ್ಮ ಚಿತ್ರ ಹಾಗೇ ಇದೆಯಾ ಮೇಡಂ?"

"ಮೊದಲಿಗಿಂತ ಚೆನ್ನಾಗಿದೆ," ಎಂದರು ಚಿತ್ರಕಾರ್ತಿ.

ಹಳದಿ ಕೊಡೆಗಳೆಲ್ಲ ಸರ್ರೆಂದು ಒಟ್ಟಿಗೆ ಬಿಚ್ಚಿದವು. ಅಧ್ಯಕ್ಷರು ಎಲ್ಲರಿಗಿಂತ ಹಿಂದೆ ನಿಂತು ತಮ್ಮದನ್ನೂ ಬಿಚ್ಚಿದರು. ಚಿಲಕದಕ್ಕ ಒಳಗೆ ಹೋಗಿ ಕರಿ ಕೊಡೆ ತಂದು ಗುಂಡಿ ಒತ್ತಿದಳು.

"ಏನಕ್ಕಾ, ಬೆಳಿಗ್ಗೆ ಅಷ್ಟೊಂದು ಗಾಬರಿಯಾಗಿದ್ರಿ, ಈಗ ಒಬ್ಬರೇ ನಗ್ತಿದ್ದೀರಲ್ಲ?" ಎಂದು ಪೋಸ್ಟರ್ ಮಾಮ ಅವಳ ಕೊಡೆಯಡಿ ಇಣುಕಿದ.

ಅವಳು ಬಾಗಿಲ ಮೇಲಿನ ಕಬ್ಬಿಣದ ಕೊಕ್ಕೆಯನ್ನು ನೋಡಿದಳು. ಸಂಜೆ ಬೇರೆ ಊರಿನಲ್ಲಿರುವ ಅವಳ ತಮ್ಮ ಫೋನ್ ಮಾಡುತ್ತಾನೆ, ದಿನ ಹೇಗಾಯಿತು ಎಂದು ಕೇಳುತ್ತಾನೆ. ಅವನಿಗೂ ಹೇಳಬಾರದು ಎಂದು ಅಲ್ಲೇ ನಿರ್ಧರಿಸಿದಳು.

"ಏನಿಲ್ಲ," ಎಂದಳು.